ವಜ್ರಗಳ ನಡುವಿನ ಪಾದೋದಕ

ರಬ್ಬರಿನ ಕಪ್ಪು ಪಟ್ಟಿಗಳು ಒಮ್ಮೆ ಅಲುಗಿ ಚೀಲವನ್ನು ಒಳಕ್ಕೆ ಎಳೆದುಕೊಂಡವು, ಪರದೆಯ ಮೇಲೆ ಅದು ಕಿತ್ತಳೆ ಬಣ್ಣದ ಹೊಗೆಯಾಗಿ ತೇಲಿತು, ಹೊಗೆಯ ನಡುವೆ ಕನ್ನಡಕದ ಡಬ್ಬಿ, ಛತ್ರಿಯ ಕಡ್ಡಿಗಳು, ತಳದಲ್ಲಿ ಬೆಳಕು ಹಾಯದ ಒಂದು ಗುಂಡನೆಯ ಕಪ್ಪು — ಗುರುಶಾಂತಪ್ಪನವರು ಅದನ್ನೇ ನೋಡುತ್ತ ನಿಂತುಬಿಟ್ಟರು, ಹಿಂದಿನವರು ಮುಂದೆ ನಡೀರಿ ಎನ್ನುತ್ತಿದ್ದರೂ, ಹೀಗೆ ಕಾಣುತ್ತದೆಯೇ ಅದು, ಇಷ್ಟು ದಿನ ಪೂಜೆಯ ಮಣೆಯ ಪಕ್ಕದಲ್ಲಿಟ್ಟುಕೊಂಡು ನೋಡಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಶಾಂತಲಾ ಇದ್ದಿದ್ದರೆ ನಗುತ್ತಿದ್ದಳು, ನೋಡಿ ರೀ, ಜೀವಮಾನವೆಲ್ಲ ನಾನು ಎಕ್ಸ್-ರೇ ಹಾಯಿಸಿದ್ದು ಸಾಲದು ಅಂತ ಜೆ.ಪಿ. ನಗರದ ಮೆಟ್ರೊದವರು ಇನ್ನೊಂದು ಸಲ ಹಾಯಿಸ್ತಿದ್ದಾರೆ. ಪರದೆಯ ಮುಂದಿದ್ದ ಹುಡುಗಿ ಯಂತ್ರ ನಿಲ್ಲಿಸಿದಳು, ಅಂಕಲ್, ಈ ಬ್ಯಾಗ್ ನಿಮ್ದಾ, ಒಳಗೆ ಏನೋ ಗಟ್ಟಿ ಇದೆ, ತೆಗೀರಿ ಸ್ವಲ್ಪ. ಅವರು ಮಡಿಬಟ್ಟೆಯ ಗಂಟು ಬಿಚ್ಚಿದರು, ಅಂಗೈ ತುಂಬುವಷ್ಟು ಉಕ್ಕಿನ ಬಿಲ್ಲೆ, ಅದಕ್ಕೆ ನಾಲ್ಕು ತಿರುಪು, ತಿರುಪುಗಳ ತಲೆಯ ಮೇಲೆ ಕೆಂಪಗೆ ತುಕ್ಕು, ನಡುವಿನ ಕುಳಿಯಲ್ಲಿ ಬಿಳಿಯ ಪುಡಿ. ಏನಿದು ಅಂಕಲ್. ನನ್ನ ಹೆಂಡತಿಯ ಸಾಮಾನಮ್ಮ, ಅವಳ ಲ್ಯಾಬಿಗೆ ವಾಪಸ್ಸು ಕೊಡೋಕೆ ಹೊರಟಿದ್ದೀನಿ. ಒಳಗೇನಿದೆ. ಸುಳ್ಳು ಹೇಳಿ ಅಭ್ಯಾಸವಿಲ್ಲ, ಎರಡು ವಜ್ರ ಇದೆ ಎಂದರು. ಹುಡುಗಿ ತುಕ್ಕನ್ನು ನೋಡಿದಳು, ಅವರ ಸವೆದ ಚಪ್ಪಲಿಯನ್ನು ನೋಡಿದಳು, ಕಿಸಕ್ಕನೆ ನಕ್ಕಳು, ವಜ್ರಾನಾ, ಹಂಗಾದ್ರೆ ಗಟ್ಟಿಯಾಗಿ ಹಿಡ್ಕೊಳ್ಳಿ ಅಂಕಲ್, ಮೇಲೆ ಸಖತ್ ರಶ್ಶಿದೆ. ಮೈ ತಡವುವ ಕಡ್ಡಿ ಎದೆಯ ಹತ್ತಿರ ಕುಂಯ್ ಎಂದಿತು, ಹಿಡಿದಿದ್ದವನು ಅಂಗಿಯ ಮೇಲಿಂದಲೇ ಬೆಳ್ಳಿಯ ಕರಡಿಗೆಯನ್ನು ಗುರುತಿಸಿ ಕೈ ಹಿಂದಕ್ಕೆ ತೆಗೆದುಕೊಂಡ, ಲಿಂಗ ಅಲ್ವಾ ಸಾರ್, ಹೋಗಿ, ಹೋಗಿ. ವಜ್ರದ ನಡುವೆ ನೀರಿದೆ ಎಂದು ಅವರು ಹೇಳಲಿಲ್ಲ, ಅದು ನೀರಲ್ಲ ಈಗ, ಮಂಜುಗಡ್ಡೆ, ಕೈಯಲ್ಲಿ ಹಿಡಿದರೂ ಕರಗದ ಮಂಜುಗಡ್ಡೆ, ಇದನ್ನೆಲ್ಲ ಆ ಹುಡುಗಿಗೆ ಹೇಳುವುದು ಹೇಗೆ, ಅದು ಪಾದೋದಕ ಎಂದು ಹೇಳುವುದು ಹೇಗೆ, ಇವತ್ತು ಮಧ್ಯಾಹ್ನದೊಳಗೆ ಅದು ಇರುವುದಿಲ್ಲ ಎಂದು ಹೇಳುವುದು ಹೇಗೆ.

ರೈಲು ಬಂದಿತು, ಯಾರೋ ಜಾಗ ಕೊಟ್ಟರು, ಕೂರಿ ತಾತ ಎಂದರು, ಗಂಟು ತೊಡೆಯ ಮೇಲೆ ಬೆಚ್ಚಗಿತ್ತು. ವಿಭಾ ಫೋನು ಮಾಡಿದ್ದು ಭಾನುವಾರ. ವಿಭಾ ಎಂದರೆ ಶಾಂತಲಾಳ ಕೊನೆಯ ಶಿಷ್ಯೆ, ಈಗ ಆ ಪ್ರಯೋಗಶಾಲೆಯನ್ನು ನಡೆಸುವವಳು, ಮೇಡಂ ಹೋದ ಮೇಲೆ ವಾರಕ್ಕೊಮ್ಮೆ ತಪ್ಪದೆ ವಿಚಾರಿಸುತ್ತಾಳೆ, ಊಟ ಆಯ್ತಾ ಅಂಕಲ್, ಮಾತ್ರೆ ತಗೊಂಡ್ರಾ ಅಂಕಲ್, ಈ ಸಲ ಅದೆಲ್ಲ ಮುಗಿದರೂ ಫೋನು ಇಡಲಿಲ್ಲ. ಅಂಕಲ್, ಒಂದು ವಿಷ್ಯ, ಹೆಂಗೆ ಕೇಳ್ಬೇಕೋ ಗೊತ್ತಾಗ್ತಿಲ್ಲ, ಮುಂದಿನ ವಾರ ಇಂದೋರಿಗೆ ಹೋಗ್ಬೇಕು, ಅಲ್ಲಿಯ ದೊಡ್ಡ ಎಕ್ಸ್-ರೇ ಯಂತ್ರದಲ್ಲಿ ನಮಗೆ ಸಮಯ ಕೊಟ್ಟಿದ್ದಾರೆ, ತಪ್ಪಿದ್ರೆ ಇನ್ನು ಯಾವಾಗ ಸಿಗುತ್ತೋ, ನಮ್ಮ ಸೆಲ್ಲು, ಅದೇ ಆ ಉಕ್ಕಿನ ಬಿಲ್ಲೆ, ಅದರ ವಜ್ರ ಸೀಳಿಹೋಯ್ತು ಅಂಕಲ್, ಈಗ ಇರೋದು ಮೇಡಮ್‌ದೊಂದೇ. ಅದರೊಳಗೆ ಅವಳದ್ದಿದೆಯಲ್ಲಮ್ಮ ಎಂದರು ಗುರುಶಾಂತಪ್ಪನವರು. ಗೊತ್ತು ಅಂಕಲ್, ಅದನ್ನ ಬಿಚ್ಚಬೇಕಾಗುತ್ತೆ. ಅಡಿಗೆಮನೆಯ ಕಿಟಕಿಯಲ್ಲಿ ಒಂದು ಪಾರಿವಾಳ ಆ ಕಡೆಯಿಂದ ಈ ಕಡೆಗೆ ನಡೆಯಿತು, ಈ ಕಡೆಯಿಂದ ಆ ಕಡೆಗೆ ನಡೆಯಿತು. ನಾನೇ ತರ್ತೀನಿ, ಆದರೆ ಬಿಚ್ಚಿದಾಗ ಆ ನೀರು ನನಗೆ ಬೇಕು, ಪಾದೋದಕ ಕಣಮ್ಮ ಅದು, ನೆಲಕ್ಕೆ ಬೀಳಬಾರದು, ಸುಮ್ಮನೆ ಆರಿಯೂ ಹೋಗಬಾರದು, ಯಾರಾದರೂ ಸ್ವೀಕರಿಸಬೇಕು. ಅಂಕಲ್, ಅದು ಸಾಸಿವೆ ಕಾಳಿನಲ್ಲಿ ಸಾವಿರದ ಒಂದು ಪಾಲು, ಬಿಚ್ಚಿದ ಕ್ಷಣ ಉಸಿರು ತಾಗಿದ್ರೂ ಹೋಗಿಬಿಡುತ್ತೆ. ಹೋಗಬಾರದು, ಎಂದರು ಅವರು, ಶಾಲೆಯಲ್ಲಿ ಹುಡುಗರಿಗೆ ಹೇಳುತ್ತಿದ್ದ ಹಾಗೆ, ಹೇಳಿದರೆ ಆಗಿಬಿಡುತ್ತದೆ ಎಂಬ ಹಾಗೆ.

ಜಯನಗರದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವನಿಗೆ ಹರಳುಗಳ ವಿಷಯ ಏನು ತಿಳಿಯಬೇಕು, ಆದರೂ ಶಾಂತಲಾ ಬಿಡುತ್ತಿರಲಿಲ್ಲ, ಚಪಾತಿ ಲಟ್ಟಿಸುತ್ತ ಹೇಳುವಳು, ಬಟ್ಟೆ ಹಿಂಡುತ್ತ ಹೇಳುವಳು, ಎರಡು ವಜ್ರ ರೀ, ಮೂತಿಗೆ ಮೂತಿ ಕೊಟ್ಟುಕೊಂಡು ಕೂತಿರ್ತವೆ, ನಡುವೆ ಎಲೆಯಂಥ ಉಕ್ಕಿನ ತಗಡು, ತಗಡಿಗೊಂದು ತೂತು, ಎರಡು ಕೂದಲು ತೂರುವಷ್ಟು, ಆ ತೂತೇ ನಮ್ಮ ಪಾತ್ರೆ, ಅದರೊಳಗೆ ಏನಿಟ್ಟು ತಿರುಪು ಬಿಗಿದ್ರೂ ಆಳವಾದ ಕಡಲನ್ನ ಹತ್ತು ಸಲ ಒಂದರ ಮೇಲೊಂದು ಪೇರಿಸಿದಷ್ಟು ಭಾರ ಬೀಳುತ್ತೆ, ಆ ಭಾರಕ್ಕೆ ನೀರು ತಣ್ಣಗಾಗದೇನೇ ಐಸಾಗುತ್ತೆ. ಬೆರಳಲ್ಲಿ ತಿರುಗಿಸಿದರೆ ಅಷ್ಟು ಭಾರವೇ ಎಂದು ಇವರು ಕೇಳುವರು. ಬಸ್ಸಲ್ಲಿ ಚೂಪು ಹಿಮ್ಮಡಿ ಚಪ್ಪಲಿಯವಳು ನಿಮ್ಮ ಕಾಲು ತುಳಿದಿಲ್ವಾ, ಅಷ್ಟೇ, ಜಾಗ ಚಿಕ್ಕದಾದಷ್ಟೂ ನೋವು ಜಾಸ್ತಿ. ಎಕ್ಸ್-ರೇ ಯಾತಕ್ಕೆ. ವಜ್ರದಲ್ಲಿ ಅದು ಹಾಯುತ್ತೆ, ಒಳಗಿನ ಹರಳಿಗೆ ತಾಗಿ ಆಚೆಗೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತೆ, ಕಿಟಕಿ ಜಾಲರಿಯಿಂದ ಬಿಸಿಲು ಗೋಡೆಗೆ ಬೀಳೋ ಹಾಗೆ, ಜಾಲರಿ ಕಣ್ಣಿಗೆ ಕಾಣಲ್ಲ, ಗೋಡೆ ನೋಡಿ ಜಾಲರಿ ಹೇಗಿದೆ ಅಂತ ಹೇಳೋದು ನನ್ನ ಕೆಲಸ. ಆಗ ಅವರು ಗೋಡೆ ನೋಡುವರು, ಗೋಡೆಯ ಮೇಲೆ ನಿಜವಾಗಿಯೂ ಬಿಸಿಲು ಬಿದ್ದಿರುತ್ತಿತ್ತು, ಅವಳ ಕೈಯ ಹಿಟ್ಟು ಬಿಸಿಲಿನಲ್ಲಿ ತೇಲುತ್ತಿತ್ತು — ಮುಂದಿನ ನಿಲ್ದಾಣ ಜಯನಗರ ಎಂದಿತು ರೈಲು, ಅಯ್ಯೋ, ಬನಶಂಕರಿಯಲ್ಲಿ ಇಳಿಯಬೇಕಿತ್ತಲ್ಲ, ಒಂದೇ ಒಂದು ನಿಲ್ದಾಣದ ದಾರಿ, ಅದನ್ನೂ ದಾಟಿ ಬಂದಾಯಿತು, ಇಳಿದರು, ಎದುರು ಬದಿಗೆ ಹೋಗಿ ನಿಂತರು, ನಿಂತ ಮೇಲೆ ತಿಳಿಯಿತು, ಮರೆವಲ್ಲ ಇದು, ಕಾಲುಗಳೇ ಏಳಲಿಲ್ಲ, ತೊಡೆಯ ಮೇಲಿನ ಗಂಟು ಇನ್ನಷ್ಟು ಹೊತ್ತು ತೊಡೆಯ ಮೇಲೇ ಇರಲೆಂದು ಕಾಲುಗಳು ತಮ್ಮ ಪಾಡಿಗೆ ತೀರ್ಮಾನ ಮಾಡಿಕೊಂಡಿದ್ದವು.

ಆ ನೀರು ವಜ್ರಗಳ ನಡುವೆ ಸೇರಿದ್ದು, ಅವಳಿದ್ದಾಗ, ಶ್ರಾವಣದ ಒಂದು ಸೋಮವಾರ. ಮಠದ ಅಯ್ಯನವರು ಬಂದಿದ್ದಾರೆ, ಪಾದಪೂಜೆಯಾಗಿದೆ, ಮನೆಯಲ್ಲೆಲ್ಲ ಬಿಲ್ವಪತ್ರೆಯ ಹಸಿ ವಾಸನೆ, ಬಟ್ಟಲಿನಲ್ಲಿ ಅವರ ಪಾದ ತೊಳೆದ ನೀರು, ಪಾದೋದಕ, ಮೊದಲು ಗುರುಶಾಂತಪ್ಪನವರು ಸ್ವೀಕರಿಸಿದರು, ಆಮೇಲೆ ಶಾಂತಲಾಳ ಕಡೆಗೆ ಬಟ್ಟಲು ಚಾಚಿದರು, ಅವಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತವಳು ಚಪ್ಪಲಿ ಬಿಟ್ಟು ಒಳಗೆ ಬಂದು, ಇವತ್ತು ಸ್ಕ್ಯಾನಿಂಗ್ ರೀ, ಬಾಯಿಗೆ ನೀರೂ ಹಾಕಬಾರ್ದು ಅಂದಿದ್ದಾರೆ, ನನ್ನ ಪಾಲು ಇದಕ್ಕೆ ಹಾಕಿಕೊಡಿ, ಆಮೇಲೆ ತಗೋತೀನಿ, ಎಂದು ಕೈಚೀಲದಿಂದ ಬೆರಳುದ್ದದ ಗಾಜಿನ ಸೀಸೆ ತೆಗೆದಳು, ಅವಳ ಕೈಚೀಲದಲ್ಲಿ ಯಾವಾಗಲೂ ಅಂಥ ಸೀಸೆಗಳು. ಅಯ್ಯನವರು ಸಹ ನಕ್ಕು, ಹಾಕಿಕೊಡಿ ಸ್ವಾಮಿ, ಭಕ್ತಿಗೆ ಸೀಸೆ ಅಡ್ಡಿಯಿಲ್ಲ ಎಂದರು. ಭಕ್ತಿ ಎಲ್ಲಿ ಬಂತು ಅವಳಿಗೆ, ಎಂದೂ ದೇವರ ಮೇಲೆ ಜಗಳ ಕಾದವಳಲ್ಲ, ಎಂದೂ ಕೈ ಮುಗಿದು ಬೇಡಿದವಳೂ ಅಲ್ಲ, ಕೊರಳಲ್ಲಿ ಲಿಂಗವಿತ್ತು, ಅದರ ಪಕ್ಕದಲ್ಲೇ ಎಕ್ಸ್-ರೇ ಮೈಗೆಷ್ಟು ತಾಗಿತು ಎಂದು ಅಳೆಯುವ ಬಿಲ್ಲೆಯೂ ಇತ್ತು, ಎರಡೂ ನನ್ನ ಕಾಯೋದೇ ಬಿಡಿ ಎನ್ನುವಳು, ಪೂಜೆಗೆ ಕೂತ್ಕೋ ಎಂದರೆ ನೀವು ಕೂತಿದ್ದೀರಲ್ಲ, ನನ್ನ ಪಾಲಿಂದೂ ಸೇರಿಸಿಕೊಳ್ಳಿ ಎನ್ನುವಳು. ಆ ಸಂಜೆ ಮನೆಗೆ ಬಂದವಳು ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರ ಕುಳಿತು, ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದಳು, ಹೊಟ್ಟೆಯಲ್ಲಿ ಗಂಟಿದೆ ಅಂದ್ರು ರೀ, ಒಳ್ಳೇದಲ್ಲವಂತೆ, ಆಮೇಲೆ ಲ್ಯಾಬಿಗೆ ಹೋದೆ, ನಿಮ್ಮ ಪಾದೋದಕ ಐಸಾಯ್ತು. ಮೊದಲ ಮಾತು ಗುರುಶಾಂತಪ್ಪನವರ ಕಿವಿಯಲ್ಲಿ ನಿಲ್ಲಲೇ ಇಲ್ಲ, ನಿಲ್ಲಿಸಿಕೊಳ್ಳುವ ಶಕ್ತಿ ಅವರಿಗಿರಲಿಲ್ಲ, ಎರಡನೆಯದನ್ನು ಹಿಡಿದುಕೊಂಡರು, ಏನು, ಪಾದೋದಕವನ್ನು ಯಂತ್ರಕ್ಕೆ ಹಾಕಿದೆಯಾ, ಅದು ಕುಡಿಯುವುದಕ್ಕೆ ಇರೋದು, ಅಳೆಯುವುದಕ್ಕಲ್ಲ, ಉಳಿದದ್ದು ಎಲ್ಲಿ. ಲ್ಯಾಬಿನ ಹಿಂದಿನ ಬಿಲ್ವದ ಗಿಡಕ್ಕೆ ಹಾಕ್ದೆ, ತುಳಿಯೋ ಜಾಗ ಅಲ್ಲ, ನನಗೂ ಅಷ್ಟು ಗೊತ್ತು. ನೀನು ಕುಡಿಯಲಿಲ್ಲವಾ. ನನ್ನ ಪಾಲು ವಜ್ರದ ಮಧ್ಯ ಇದೆ, ಜೋಪಾನವಾಗಿದೆ, ವಾಸಿ ಆದ ದಿನ ಬಿಚ್ಚಿ ಕುಡೀತೀನಿ. ಇದು ಹರಕೆಯೇ, ತಮಾಷೆಯೇ. ಅವಳ ಮುಖ ನೋಡಿದರೆ ತಿಳಿಯುತ್ತಿತ್ತೇನೋ, ಅವಳು ಕಿಟಕಿಯ ಕಡೆಗೆ ತಿರುಗಿದ್ದಳು. ರಾತ್ರಿ ಊಟದವರೆಗೂ ಅವರು ಪಾದೋದಕದ ವಿಷಯವೇ ಆಡಿದರು, ಅದರ ಮಹಿಮೆ, ಅದರ ನಿಯಮ, ಮಠದಲ್ಲಿ ಹಿರಿಯರು ಹೇಳಿದ್ದು, ಆಡುತ್ತಲೇ ಇದ್ದರು, ಆಡುವುದು ನಿಲ್ಲಿಸಿದರೆ ಇನ್ನೊಂದು ಮಾತು ಆಡಬೇಕಾಗುತ್ತಿತ್ತು, ಅವಳಿಗೂ ಅದು ತಿಳಿದಿತ್ತು, ಹೌದು ರೀ, ಸರಿ ರೀ, ಎಂದು ಅನ್ನಕ್ಕೆ ತುಪ್ಪ ಬಡಿಸುತ್ತಲೇ ಇದ್ದಳು.

ರೈಲು ಈಗ ಹಿಂದಕ್ಕೆ ಹೊರಟಿದೆ, ಮನೆಗಳ ಮಹಡಿಗಳು, ಮಹಡಿಯ ಮೇಲೆ ಒಣಹಾಕಿದ ಸೀರೆಗಳು, ನೀರಿನ ಕಪ್ಪು ಟ್ಯಾಂಕುಗಳು. ಒಂದು ವರ್ಷ ಔಷಧಿ ಮಾಡಿದ್ದಾಯಿತು, ಕೂದಲು ಹೋಯಿತು, ಕೂದಲಿಲ್ಲದ ತಲೆಗೆ ಟೋಪಿ ಹಾಕಿಕೊಂಡೇ ಲ್ಯಾಬಿಗೆ ಹೋದಳು, ಆಮೇಲೆ ಹೋಗುವುದಕ್ಕೆ ಆಗದೆ ಹೋದಾಗ ಸೆಲ್ಲನ್ನು ಮನೆಗೆ ತಂದಳು, ಇಲ್ಲೇ ಇರ್ಲಿ, ವಾಸಿ ಆದ ದಿನ ಕೈಗೆ ಸಿಗಬೇಕಲ್ಲ. ಒಮ್ಮೆ ವಿಭಾಳ ಕೈಯಲ್ಲಿ ಚಿಕ್ಕ ಮೈಕ್ರೋಸ್ಕೋಪು ತರಿಸಿ, ಬನ್ನಿ ರೀ, ಒಂದು ಸಲ ನೋಡಿ, ನಿಮ್ಮದೇ ತೀರ್ಥ, ಎಷ್ಟು ಚಂದ ಕೂತಿದೆ, ಎಂದು ಕರೆದಳು, ಇವರು ಹೋಗಲಿಲ್ಲ, ತೀರ್ಥ ಇಣುಕಿ ನೋಡುವ ವಸ್ತುವಲ್ಲ ಎಂದರು, ಅವಳೇ ಒಬ್ಬಳೇ ನೋಡಿದಳು, ಬಹಳ ಹೊತ್ತು ನೋಡಿದಳು. ಆಸ್ಪತ್ರೆಯ ಕೊನೆಯ ದಿನ ಅಯ್ಯನವರನ್ನು ಕರೆದುಕೊಂಡು ಬಟ್ಟಲು ಹಿಡಿದುಕೊಂಡು ಹೋದರೆ ಅವಳ ಬಾಯಿಯಲ್ಲಿ ನಳಿಕೆ, ಬಾಯಿಗೆ ಏನೂ ಹಾಕೋ ಹಾಗಿಲ್ಲ ಅಂಕಲ್ ಎಂದಳು ನರ್ಸಮ್ಮ, ಒಳ್ಳೆಯ ಹುಡುಗಿಯೇ, ಅವಳ ಕಣ್ಣಲ್ಲೂ ನೀರಿತ್ತು, ಹಣೆಗೆ ಮಾತ್ರ ವಿಭೂತಿ ಹಚ್ಚಿದರು. ಕುಡಿಯದೆ ಹೋದಳು. ರುದ್ರಭೂಮಿಯಲ್ಲಿ ಮಣ್ಣಿನ ಗೂಡಿನೊಳಗೆ ಕೂರಿಸಿದರು, ಎಡ ಅಂಗೈಯಲ್ಲಿ ಲಿಂಗ ಇಟ್ಟರು, ಸುತ್ತ ವಿಭೂತಿ, ಪತ್ರೆ, ಅಷ್ಟು ಹತ್ತಿರದಿಂದ ಅವಳು ತನ್ನ ಲಿಂಗವನ್ನು ಎಂದೂ ನೋಡಿರಲಿಲ್ಲವೇನೋ, ಮುಖ ಬಾಗಿ ಅಂಗೈಯನ್ನೇ ನೋಡುತ್ತಿರುವಂತಿತ್ತು, ಮೈಕ್ರೋಸ್ಕೋಪಿಗೆ ಬಾಗುತ್ತಿದ್ದಳಲ್ಲ, ಹಾಗೇ, ಅದೇ ಕೊರಳು. ಮನೆಗೆ ಬಂದು ನೋಡಿದರೆ ಕಪಾಟಿನ ಮೇಲೆ ಸೆಲ್ಲು. ಮಾರನೆಯ ದಿನ ಪೂಜೆಗೆ ಕೂರುವಾಗ ಅದನ್ನು ತಂದು ಪಕ್ಕದಲ್ಲಿಟ್ಟುಕೊಂಡರು, ಸುಮ್ಮನೆ, ಇರಲಿ ಎಂದು. ಕೆಲವು ದಿನಗಳ ಮೇಲೆ ಅಂಗೈಯ ಲಿಂಗಕ್ಕೆ ಎರೆದ ನೀರಿನಲ್ಲಿ ನಾಲ್ಕು ಹನಿ ಅದರ ಮೇಲೂ ಬಿತ್ತು, ಆಮೇಲೆ ಬೀಳಿಸಿದರು, ಆಮೇಲೆ ವಿಭೂತಿ. ಅಂಗೈಯ ಲಿಂಗವಲ್ಲದೆ ಇನ್ನೊಂದಕ್ಕೆ ನೀರೆರೆಯಬಾರದು, ಚಿಕ್ಕಂದಿನಿಂದ ತಿಳಿದದ್ದು, ಇನ್ನೊಬ್ಬರಿಗೆ ತಿಳಿಹೇಳಿದ್ದು, ಇದು ಪೂಜೆಯಲ್ಲ ಎಂದುಕೊಂಡರು, ಸ್ನಾನ ಮಾಡಿಸುತ್ತಿದ್ದೇನೆ ಅಷ್ಟೆ, ಅವಳ ಪಾಲಿನದೂ ಸೇರಿಸಿಕೊಳ್ಳುತ್ತಿದ್ದೇನೆ ಅಷ್ಟೆ, ಅವಳೇ ಹೇಳಿದ್ದಲ್ಲವೇ. ಬನಶಂಕರಿ, ಎಂದಿತು ರೈಲು. ಈ ಸಲ ಎದ್ದರು.

ಬನಶಂಕರಿ ಎರಡನೆಯ ಹಂತದಲ್ಲಿ ಪ್ರಯೋಗಶಾಲೆಯ ಆ ಕಟ್ಟಡ, ಕೆಳಗಿನ ಅಂತಸ್ತು, ತಣ್ಣಗಿನ ಕೋಣೆ, ಎಲ್ಲೋ ಒಂದು ಪಂಪು ನಿದ್ದೆಯಲ್ಲಿ ಉಸಿರಾಡುವ ಹಾಗೆ ಗುಯ್‌ಗುಟ್ಟುತ್ತಿದೆ, ಗೋಡೆಯ ಮೊಳೆಗೆ ಯಾರದೋ ಬಿಳಿಯ ಕೋಟು, ಅವಳದೇ ಇರಬಹುದು, ಕೇಳಲಿಲ್ಲ. ಬನ್ನಿ ಅಂಕಲ್, ಕಾಫಿ ಕುಡೀರಿ ಮೊದಲು ಎಂದು ವಿಭಾ ಎದ್ದು ಬಂದಳು, ಆಮೇಲೆ ಕುಡಿಯೋಣಮ್ಮ ಎಂದು ಅವರು ಗಂಟು ಬಿಚ್ಚಿದರು, ವಿಭಾ ಸೆಲ್ಲನ್ನು ದೀಪದ ಕೆಳಗೆ ಹಿಡಿದಳು, ತಿರುಗಿಸಿದಳು, ಮುಖ ಹೇಗೆ ಹೇಗೋ ಆಯಿತು. ಅಂಕಲ್, ಏನ್ ಮಾಡಿದ್ರಿ ಇದಕ್ಕೆ. ಏನೂ ಇಲ್ಲವಲ್ಲ. ತಿರುಪೆಲ್ಲ ತುಕ್ಕು ಹಿಡಿದಿದೆ, ಕುಳಿ ತುಂಬ ಏನೋ ಪುಡಿ, ಅಂಕಲ್, ಇದಕ್ಕೆ ಅಭಿಷೇಕ ಮಾಡಿದ್ರಾ ನೀವು. ಗುರುಶಾಂತಪ್ಪನವರು ಕುರ್ಚಿಯ ತುದಿಯಲ್ಲಿ ಕುಳಿತರು, ದಿನಾ ಎಂದರು. ಅವಳು ನಗುವುದಕ್ಕೆ ಹೋಗಿ ನಿಲ್ಲಿಸಿದಳು, ಅಳುವುದಕ್ಕೆ ಹೋಗಿ ಅದನ್ನೂ ನಿಲ್ಲಿಸಿದಳು, ಮೇಡಂ ಇದ್ದಿದ್ರೆ ನಿಮ್ಮನ್ನ ಕುತ್ತಿಗೆ ಹಿಡಿದು ಲ್ಯಾಬಿಂದ ಆಚೆ ಹಾಕೋರು. ಅವಳಿದ್ದಿದ್ದರೆ ನಾನು ಯಾಕಮ್ಮ ಮಾಡ್ತಿದ್ದೆ. ವಿಭಾ ಬಿಡಿಸಿ ಹೇಳಿದಳು, ಎದುರೆದುರು ತಿರುಪು ಒಟ್ಟಿಗೆ ಸಡಿಲವಾಗ್ಬೇಕು ಅಂಕಲ್, ಒಂದು ಕಚ್ಚಿಕೊಂಡು ಒಂದು ಬಿಟ್ರೆ ವಜ್ರ ಓರೆಯಾಗುತ್ತೆ, ಚಟ್ ಅಂತ ಹೋಗುತ್ತೆ, ನಿಮ್ಮ ನೀರೂ ಹೋಯ್ತು, ನನ್ನ ಇಂದೋರೂ ಹೋಯ್ತು, ಬಿಗಿಯುವಾಗ ಅಲ್ಲ ಅಂಕಲ್, ನಮ್ಮ ವಜ್ರಗಳು ಹೆಚ್ಚಿಗೆ ಒಡೆಯೋದು ಬಿಚ್ಚುವಾಗ, ಮೇಡಂ ಬಿಚ್ಚೋ ದಿನ ಯಾರನ್ನೂ ಮಾತಾಡೋಕೆ ಬಿಡ್ತಿರ್ಲಿಲ್ಲ. ತಿರುಪಿಗೊಂದೊಂದು ಹನಿ ಎಣ್ಣೆ ಬಿಟ್ಟಳು, ದೀಪಕ್ಕೆ ಎಣ್ಣೆ ಬಿಡುವ ಹಾಗೇ ಕಾಣಿಸಿತು ಅವರಿಗೆ, ಎಣ್ಣೆ ಇಳಿಯುವವರೆಗೂ ಕಾಯಬೇಕು. ಹಸಿರು ಬೆಳಕಿನ ಒಂದು ಎಳೆಯನ್ನು ವಜ್ರದೊಳಕ್ಕೆ ಬಿಟ್ಟಳು, ಒಳಗೆ ಮಾಣಿಕ್ಯದ ಒಂದು ಚೂರಿದೆಯಂತೆ, ಅದು ಕೆಂಪಗೆ ಮಿನುಗಿತು, ಆ ಕೆಂಪಿನಿಂದ ಒತ್ತಡ ಎಷ್ಟಿದೆ ಎಂದು ತಿಳಿಯುತ್ತದಂತೆ, ವಿಭಾ ನೋಡಿ ತಲೆದೂಗಿದಳು, ಇದೆ ಅಂಕಲ್, ಮೇಡಂ ಬಿಟ್ಟಷ್ಟೇ ಇದೆ, ಸ್ವಲ್ಪವೂ ಇಳಿದಿಲ್ಲ. ಅವಳು ಹೋದ ಮೇಲೂ, ಮಳೆಗಾಲ ಬಂದು ಹೋದ ಮೇಲೂ, ಮನೆಗೆ ಸುಣ್ಣ ಹೊಡೆಸಿದ ಮೇಲೂ, ಅವಳ ಬೆರಳು ಎಷ್ಟು ಒತ್ತಿತ್ತೋ ಅಷ್ಟೇ.

ಒಡೆದು ಹೋದರೆ ಅಂತ, ಮುಂಚೆ ಒಂದು ಚಿತ್ರ ತೆಗೆದುಬಿಡೋಣ ಎಂದು ವಿಭಾ ಸೆಲ್ಲನ್ನು ಸೀಸದ ಗೋಡೆಯ ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದಳು, ಮೇಲೆ ಕೆಂಪು ದೀಪ ಹತ್ತಿತು. ವಿಭೂತಿ ಒರೆಸಲಿಲ್ಲವಲ್ಲಮ್ಮ. ಇರ್ಲಿ ಬಿಡಿ, ನೋಡೋಣ ಏನಾಗುತ್ತೆ. ಶಬ್ದವಿಲ್ಲ, ಏನೂ ಆಗುತ್ತಿರುವಂತೆ ಕಾಣುವುದಿಲ್ಲ, ಆದರೂ ಒಳಗೆ ಕಾಣದ ಬೆಳಕು ಹಾಯುತ್ತಿದೆ, ಅಂಗೈಯ ಲಿಂಗವನ್ನು ದಿಟ್ಟಿಸಿ ಕುಳಿತಾಗಲೂ ಹೀಗೆಯೇ, ಹೊರಗಿನಿಂದ ನೋಡುವವರಿಗೆ ಒಬ್ಬ ಮುದುಕ ಸುಮ್ಮನೆ ಕುಳಿತಿರುತ್ತಾನೆ — ಪರದೆಯ ಮೇಲೆ ಬೂದುಬಣ್ಣದ ಆಕಾಶ ಮೂಡಿತು, ಆಕಾಶದಲ್ಲಿ ಚುಕ್ಕೆಗಳು. ಈ ದಪ್ಪ ಚುಕ್ಕೆಗಳು ವಜ್ರದ್ದು, ಇವನ್ನ ಬಿಟ್ಟುಬಿಡಿ ಎಂದು ವಿಭಾ ಬೆರಳಿಟ್ಟು ತೋರಿಸಿದಳು, ಈ ಸಣ್ಣವು ಇದಾವಲ್ಲ, ಇವು ಐಸು, ಇದು ಮೇಡಂ ಬೆಳೆಸಿದ್ದು, ನೋಡಿ, ಚುಕ್ಕೆ ಎಷ್ಟು ಶುದ್ಧವಾಗಿವೆ, ಅಂದ್ರೆ ಒಂದೇ ಹರಳು. ಹಾಗಂದರೆ. ಸುಮ್ಮನೆ ಒತ್ತಿದ್ರೆ ನೀರು ನೂರು ಚೂರಾಗಿ ಹೆಪ್ಪುಗಟ್ಟುತ್ತೆ ಅಂಕಲ್, ಆಮೇಲೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಎಲ್ಲಾ ಕರಗಿಸಬೇಕು, ಒಂದೇ ಒಂದು ಕಣ ಉಳಿದಾಗ ನಿಲ್ಲಿಸಿ, ಆ ಕಣದಿಂದ ಮತ್ತೆ ನಿಧಾನವಾಗಿ ಬೆಳೆಸಬೇಕು, ಒಂದು ಕೂದಲು ಜಾಸ್ತಿ ತಿರುಗಿಸಿದ್ರೂ ಆ ಕಣವೂ ಹೋಗುತ್ತೆ, ಮತ್ತೆ ಮೊದಲಿಂದ. ಆವತ್ತು ಸ್ಕ್ಯಾನಿಂಗಿಂದ ಬಂದವರು ಊಟಾನೂ ಮಾಡದೆ ಕೂತ್ರು, ನಾನು ಪಕ್ಕದಲ್ಲೇ ಇದ್ದೆ, ಕಣ ಎಷ್ಟು ಸಲ ಕೈ ತಪ್ಪಿ ಕರಗಿತೋ, ನಾನು ಮಾಡ್ಲಾ ಮೇಡಂ ಅಂದೆ, ಬೇಡ, ಇದು ನಮ್ಮೆಜಮಾನ್ರ ತೀರ್ಥ, ಚೂರು ಚೂರಾಗಿರೋದನ್ನ ಅವರಿಗೆ ತೋರಿಸೋಕಾಗಲ್ಲ ಅಂದ್ರು. ಗುರುಶಾಂತಪ್ಪನವರು ಪರದೆಯನ್ನೇ ನೋಡಿದರು. ತೋರಿಸುವುದಕ್ಕೆ. ಬನ್ನಿ ರೀ, ಒಂದು ಸಲ ನೋಡಿ. ಚುಕ್ಕೆಗಳ ಸುತ್ತ ನವುರಾದ ಬಳೆಗಳು, ಒಂದರ ಹೊರಗೊಂದು, ಕೊಳದಲ್ಲಿ ಕಲ್ಲು ಬಿದ್ದಾಗ ಏಳುವಂಥವು. ಈ ಬಳೆಗಳು ಯಾತರದಮ್ಮ. ವಿಭಾ ಬಗ್ಗಿ ನೋಡಿದಳು, ಇನ್ನಷ್ಟು ಬಗ್ಗಿದಳು, ಕೊನೆಗೆ ನಕ್ಕೇಬಿಟ್ಟಳು, ಈ ಸಲ ನಿಲ್ಲಿಸಿಕೊಳ್ಳಲಿಲ್ಲ, ಅಂಕಲ್, ಇದು ನಿಮ್ಮ ವಿಭೂತಿ, ಒಂದೇ ಹರಳಾದ್ರೆ ಚುಕ್ಕೆ ಬೀಳುತ್ತೆ, ಪುಡಿಯಾದ್ರೆ ಲಕ್ಷಾಂತರ ಹರಳು ಒಂದೊಂದು ದಿಕ್ಕಿಗೆ ತಿರುಗಿರ್ತವೆ, ಎಲ್ಲಾ ಸೇರಿ ಬಳೆಯಾಗುತ್ತೆ, ಮೇಡಮ್ಮಿನ ಐಸಿನ ಸುತ್ತ ನೀವು ಬಂದುಬಿಟ್ಟಿದ್ದೀರ. ಇದನ್ನ ಯಾವ ಪತ್ರಿಕೆಯವರೂ ಹಾಕ್ಕೊಳ್ಳಲ್ಲ, ತಪ್ಪು ಚಿತ್ರ ಇದು. ತಪ್ಪು ಚಿತ್ರ, ಅವರು ಮೆಲ್ಲಗೆ ಅಂದುಕೊಂಡರು, ಎಷ್ಟೋ ವರ್ಷ ಒಂದೇ ಮನೆಯಲ್ಲಿ, ಒಬ್ಬರ ದಾರಿಗೊಬ್ಬರು ಸಿಕ್ಕದೆ, ಅವಳ ಯಂತ್ರ ಅವಳಿಗೆ, ಇವರ ಪೂಜೆ ಇವರಿಗೆ, ಒಂದು ಫೋಟೋದಲ್ಲಾದರೂ ಇಬ್ಬರೂ ನೆಟ್ಟಗೆ ನಿಂತದ್ದಿಲ್ಲ, ಯಾವಾಗಲೂ ಒಬ್ಬರು ಬೇರೆ ಕಡೆ ನೋಡುತ್ತಿರುವರು.

ಎಣ್ಣೆ ಇಳಿಯಿತು. ವಿಭಾ ಹತ್ತಿಯ ತುದಿಯನ್ನು ಸ್ಪಿರಿಟ್ಟಿಗೆ ಅದ್ದಿ ಕುಳಿಯನ್ನು ಒರೆಸಿದಳು, ಆ ಹತ್ತಿಯನ್ನು ಎಸೆಯಬೇಡಮ್ಮ ಎಂದು ಅವರು ಇಸಿದುಕೊಂಡು ಜೇಬಿನಲ್ಲಿಟ್ಟರು, ಸೆಲ್ಲು ಮೈಕ್ರೋಸ್ಕೋಪಿನ ಕೆಳಗೆ ಹೋಯಿತು, ಎರಡು ತಿರುಪಿಗೆ ಎರಡು ಕೀಲಿ, ಒಂದು ಬಲಕ್ಕೆ ಬಿಟ್ಟರೆ ಒಂದು ಎಡಕ್ಕೆ ಬಿಡಬೇಕು, ಎರಡೂ ಕೈ ಒಂದೇ ಸಲ. ನೀವು ಇಲ್ಲಿ ಕಣ್ಣಿಡಿ ಅಂಕಲ್, ಏನು ಕಾಣುತ್ತೋ ಹೇಳ್ತಾ ಇರಿ, ನಾನು ಕೈ ಮಾತ್ರ ನೋಡ್ಕೋತೀನಿ. ಅವರು ಕನ್ನಡಕ ತೆಗೆದು ಬಾಗಿದರು. ಬೆಳಕಿನ ಒಂದು ವೃತ್ತ, ಹುಣ್ಣಿಮೆಯಂಥದು, ಅದರ ತುಂಬ ಏನೂ ಇಲ್ಲ, ಏನೂ ಕಾಣ್ತಿಲ್ಲವಲ್ಲಮ್ಮ, ಅಂಚಿನಲ್ಲಿ ಒಂದು ಮಾಣಿಕ್ಯದ ಚೂರು ಬಿಟ್ಟರೆ. ಅದೇ ಐಸು ಅಂಕಲ್, ಪೂರ್ತಿ ತುಂಬಿಕೊಂಡಿದೆ, ಅದಕ್ಕೇ ಕಾಣ್ತಿಲ್ಲ, ಈಗ ನೋಡಿ. ಉಸಿರು ಹಿಡಿದರು. ಟಿಕ್ — ಕೋಣೆಯೆಲ್ಲ ಆ ಒಂದು ಸಣ್ಣ ಸದ್ದು, ವಿಭಾಳ ಕೈ ಕಲ್ಲಾಯಿತು, ಹೋಯ್ತಾ ಅಂಕಲ್, ಸೀಳು ಕಾಣುತ್ತಾ, ಇಲ್ಲಮ್ಮ, ಬೆಳಕು ಹಾಗೇ ಇದೆ, ಅಬ್ಬ, ತುಕ್ಕು ಬಿಟ್ಟಿದ್ದು ಹಾಗಾದ್ರೆ. ಇನ್ನೊಂದು ಚೂರು ತಿರುಗಿಸಿದಳು, ಆಗ ವೃತ್ತದ ಅಂಚಿನಿಂದ ಒಂದು ಗೆರೆ ಹುಟ್ಟಿತು, ಗೆರೆ ಒಳಕ್ಕೆ ಸರಿಯಿತು, ಗೆರೆಯ ಈಚೆಗೆ ನೀರು, ಆಚೆಗೆ ಕಲ್ಲುಸಕ್ಕರೆಯಂತೆ ಮೂಲೆಮೂಲೆಯಾದ ಒಂದು ಹರಳು, ಎಷ್ಟು ಚಂದ ಕೂತಿದೆ ಎಂದಿದ್ದಳು, ಕೂತಿತ್ತು, ಇಡೀ ಬೆಳಕಿನ ನಡುವೆ ಒಬ್ಬಳೇ ಕೂತ ಹಾಗೆ, ಕಾಣ್ತಿದೆ, ಕಾಣ್ತಿದೆಯಮ್ಮ, ಎಂದರು, ಅವರ ದನಿ ಅವರಿಗೇ ಎಲ್ಲಿಂದಲೋ ಕೇಳಿಸಿತು. ಮೂಲೆಗಳು ದುಂಡಗಾದವು. ಹರಳು ಅಕ್ಕಿಕಾಳಾಯಿತು, ಅಕ್ಕಿಯ ನುಚ್ಚಾಯಿತು, ಒಂದು ಕಣವಾಯಿತು. ಒಂದು ಕಣ ಮಾತ್ರ ಉಳಿದಿದೆಯಮ್ಮ. ವಿಭಾ ಕೈ ನಿಲ್ಲಿಸಿದಳು. ಬೆಳಕಿನ ವೃತ್ತ, ಅದರ ನಡುವೆ ಒಂದು ಕಣ, ಸುತ್ತ ನೀರು, ಕರಗುತ್ತಿಲ್ಲ, ಬೆಳೆಯುತ್ತಿಲ್ಲ, ನಿಂತಿದೆ. ಅಂಕಲ್, ಇಲ್ಲಿಂದ ಮತ್ತೆ ಬೆಳೆಸಬಹುದು, ಈಗಲೂ, ನೀವು ಹೂಂ ಅಂದ್ರೆ ಬೆಳೆಸಿ ನಿಮ್ಮ ಕೈಗೇ ಕೊಟ್ಟುಬಿಡ್ತೀನಿ, ಇಂದೋರಿಗೆ ಬರಲ್ಲ ಅಂತ ಹೇಳಿಬಿಡ್ತೀನಿ, ಬೆಳಗ್ಗೆಯಿಂದ ಅದನ್ನೇ ಅಂದ್ಕೋತಾ ಇದ್ದೆ. ಹುಡುಗಿ ಮನಸ್ಸಿನಿಂದಲೇ ಹೇಳಿದ್ದಳು. ಹೂಂ ಎನ್ನುವುದು ಎಷ್ಟು ಸುಲಭ, ತುಟಿ ಕೂಡ ಬಿಚ್ಚಬೇಕಾಗಿಲ್ಲ, ಮನೆಗೆ ಒಯ್ದು ಮಣೆಯ ಪಕ್ಕದಲ್ಲಿಟ್ಟು, ನಾಳೆಯೂ ನೀರೆರೆದು, ನಾಡಿದ್ದೂ, ತಾನು ಇರುವವರೆಗೂ, ಆಮೇಲೆ ಯಾರೋ ಗುಜರಿಗೆ ಹಾಕಿ — ವಾಸಿ ಆದ ದಿನ ಎಂದಿದ್ದಳು. ಕಣ ನಿಂತಿದೆ. ವಾಸಿಯಾಗಲಿಲ್ಲ ಎಂದು ಹೇಳುವವರು ಯಾರು, ಈಗ ಅವಳಿಗೆ ಎಲ್ಲಿ ನೋವಿದೆ, ಹೊಟ್ಟೆಯಲ್ಲಿಲ್ಲ, ಕೈಯ ಸೂಜಿಯಲ್ಲಿಲ್ಲ, ಗಂಟಲಿನ ನಳಿಕೆಯಲ್ಲಿಲ್ಲ, ನೋವು ಉಳಿದಿದ್ದರೆ ಈಚೆಗೆ ಉಳಿದಿದೆ, ಈ ಕುರ್ಚಿಯಲ್ಲಿ, ಅವಳಿಗಲ್ಲ, ಲಿಂಗದಲ್ಲಿ ಬೆರೆತವಳಿಗೆ ಎಲ್ಲಿಯ ನೋವು, ಅದನ್ನು ನಂಬದೆ ಇಷ್ಟು ವರ್ಷ ಏನು ಪೂಜೆ ಮಾಡಿದೆ ನಾನು, ಅವಳು ವಾಸಿಯಾಗಿ ಎಷ್ಟು ದಿನವಾಯಿತೋ, ನಾನೇ ಕಾಯಿಸಿದೆ. ಬಿಡಮ್ಮ, ಎಂದರು.

ವಿಭಾ ಮತ್ತೆ ಕೀಲಿ ತಿರುಗಿಸಿದಳು, ಎರಡೂ ಕೈ ಒಂದೇ ಸಲ, ಅವರು ಕಣ್ಣು ತೆಗೆಯಲಿಲ್ಲ, ಕಣ ತೆಳುವಾಯಿತು, ಅಂಚು ಬೆಳಕಿನಲ್ಲಿ ಸೇರಿತು, ಎಲ್ಲಿತ್ತು ಎಂದು ಹುಡುಕುವ ಹಾಗಾಯಿತು, ಆಮೇಲೆ ನೀರು, ಬರಿಯ ನೀರು. ಬೇಗ ಅಂಕಲ್, ಈಗ, ಎಂದು ವಿಭಾ ಮುಚ್ಚಳದ ಭಾಗವನ್ನು ಎತ್ತಿ ಕೆಳಗಿನ ಅರ್ಧವನ್ನು ಅವರ ಅಂಗೈಗಿಟ್ಟಳು, ಎಡ ಅಂಗೈಗೆ, ಅವಳಿಗೆ ತಿಳಿದೋ ತಿಳಿಯದೆಯೋ, ಅವರು ಬಾಗಿ ಆ ಉಕ್ಕಿನ ತಗಡಿಗೆ, ಆ ತೂತಿನ ಮೇಲೆ ನಾಲಿಗೆಯ ತುದಿಯನ್ನು ಮುಟ್ಟಿಸಿದರು, ಎಣ್ಣೆಯ ಕಹಿ, ಉಕ್ಕಿನ ತಣ್ಣನೆ, ನೀರಿನ ರುಚಿ ಎಂಬುದು ಇರಲಿಲ್ಲ, ರುಚಿಯಾಗುವಷ್ಟು ನೀರೂ ಇರಲಿಲ್ಲ, ನಿನ್ನ ಪಾಲು ಎಂದರು ಮನಸ್ಸಿನಲ್ಲಿ, ನಿನ್ನ ಪಾಲಿನದು, ನಾನು ಬಾಯಿ ಮಾತ್ರ ಕೊಟ್ಟಿದ್ದೇನೆ, ತಗೋ. ಸಿಕ್ತಾ ಅಂಕಲ್ ಎಂದು ವಿಭಾ ಕೇಳಿದಳು. ಹೇಳಬೇಕು, ಸಿಕ್ಕಿತು ಎಂದು ಹೇಳಬೇಕು, ವಜ್ರ ಚೆನ್ನಾಗಿದೆಯಾ ನೋಡಿಕೋ, ಇಂದೋರಿಗೆ ಒಳ್ಳೆಯದಾಗಿ ಹೋಗಿ ಬಾ ಎಂದು ಹೇಳಬೇಕು, ಆ ಕಾಫಿ ಈಗ ಕೊಡು ಎನ್ನಬೇಕು, ಕಣ್ಣು ಬಿಡಬೇಕು, ಕಣ್ಣು ಮುಚ್ಚಿಯೇ ಇದೆ, ಮುಚ್ಚಿದ ಕಣ್ಣಿನೊಳಗೆ, ಪೂಜೆಯಲ್ಲಿ ಲಿಂಗ ದಿಟ್ಟಿಸಿ ಕೂತಾಗಿನ ಹಾಗೆ, ಬೆಳಕಿನ ಒಂದು ವೃತ್ತ, ಪಂಪು ಗುಯ್‌ಗುಟ್ಟುತ್ತಿದೆ, ವೃತ್ತದ ನಡುವೆ ಒಂದು ಕಣ, ಅಂಕಲ್, ಅಂಕಲ್ ಎನ್ನುತ್ತಿದ್ದಾಳೆ ವಿಭಾ, ಸುತ್ತ ನೀರು, ಒಂದು ಕಣ, ಕರಗುತ್ತಿಲ್ಲ, ಬೆಳೆಯುತ್ತಿಲ್ಲ, ಬೆಳಕು, ನೀರು, ನಡುವೆ ಒಂದು ಕಣ, ಒಂದು ಕಣ —